ಸಾಣೆಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಚಾಕು ಹರಿತವಾಗುತ್ತಿಲ್ಲ, ದುಬಾರಿ ಚಾಕು ಕೊಳ್ಳಲೇ?

ಸದ್ಯಕ್ಕೆ ಬೇಡ. ಅಲಗು ತೆಳ್ಳಗಿದೆ, ಹಿಡಿ ಗಟ್ಟಿಯಾಗಿದೆ ಎಂದು ನೀವೇ ಬರೆದಿದ್ದೀರಿ. ಮಸೆಯಲು ಬಾರದಿದ್ದರೆ ದುಬಾರಿ ಚಾಕೂ ಕೆಲವು ತಿಂಗಳಲ್ಲಿ ಇದರಂತೆಯೇ ಮೊಂಡಾಗುತ್ತದೆ.

ಒಂದೊಂದು ಬದಿಗೆ ಹತ್ತು ಸಲ ಎಂದು ಎಣಿಸಿ ಉಜ್ಜುತ್ತಿದ್ದೀರಲ್ಲ, ತೊಡಕು ಇರುವುದು ಅಲ್ಲಿಯೇ ಎಂದು ನನ್ನ ಅನಿಸಿಕೆ. ಎಣಿಕೆ ಬಿಡಿ. ಒಂದೇ ಬದಿಯನ್ನು ಮಸೆಯುತ್ತಾ ಹೋದರೆ ಲೋಹ ಎದುರು ಬದಿಗೆ ಸಣ್ಣ ತರಿಯಾಗಿ ಮಗುಚಿಕೊಳ್ಳುತ್ತದೆ. ಅದು ಕಣ್ಣಿಗೆ ಬೀಳುವುದು ಕಷ್ಟ. ಹೆಬ್ಬೆರಳನ್ನು ಆ ಎದುರು ಬದಿಯಲ್ಲಿ ಚಾಕುವಿನ ಬೆನ್ನಿನಿಂದ (ಹರಿತವಿಲ್ಲದ ದಪ್ಪ ಭಾಗ) ಅಂಚಿನ ಹೊರಕ್ಕೆ ಮೆಲ್ಲಗೆ ಸವರಿದರೆ ತಡೆದಂತೆ ಗೊತ್ತಾಗುತ್ತದೆ (ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ). ಬುಡದಿಂದ ತುದಿಯವರೆಗೂ ತರಿ ಸಿಕ್ಕ ಮೇಲೆಯೇ ಮಗ್ಗುಲು ಬದಲಿಸಿ. ಆ ಬದಿಯೂ ಮುಗಿದ ಮೇಲೆ, ಒತ್ತಡವನ್ನು ತೀರಾ ಕಡಿಮೆ ಮಾಡಿ ಎರಡೂ ಬದಿಗೆ ಸರದಿಯಂತೆ ಸವರುತ್ತಾ ತರಿಯನ್ನು ಕಳೆಯಿರಿ. ತರಿ ಉಳಿದರೆ ಮೊದಲ ದಿನ ಚೆನ್ನಾಗಿ ಕೊಯ್ದ ಚಾಕು ಮರುದಿನವೇ ಮುನಿಸಿಕೊಳ್ಳುತ್ತದೆ.

ತರಿ ಏಳುವುದೇ ಇಲ್ಲವೇ? ಹಾಗಾದರೆ ಕಲ್ಲು ಅಂಚನ್ನು ಮುಟ್ಟುತ್ತಿಲ್ಲ. ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಉಜ್ಜಿ ನೋಡಿ. ಬಣ್ಣ ಮೇಲ್ಭಾಗದಲ್ಲಷ್ಟೇ ಹೋಗಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಅಲಗಿನ ಅಗಲ 4.5 ಸೆಂ.ಮೀ. ಇದ್ದರೆ, ಬೆನ್ನು ಕಲ್ಲಿನಿಂದ ಸುಮಾರು 1.2 ಸೆಂ.ಮೀ. ಮೇಲಿದ್ದಾಗ 15 ಡಿಗ್ರಿ ಕೋನ ಸಿಗುತ್ತದೆ, 1.5 ಸೆಂ.ಮೀ. ಇದ್ದರೆ ಹತ್ತಿರಹತ್ತಿರ 20. ಎರಡರಲ್ಲಿ ಯಾವುದಾದರೂ ಆದೀತು, ಆದರೆ ನಡುವೆ ಕೈ ಅಲುಗಾಡಬಾರದು.

ಕಲ್ಲು 1000 ಗ್ರಿಟ್‌ನದು ಒಂದಿದ್ದರೆ ಮನೆಗೆ ಸಾಕು (ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಕಲ್ಲು ಒರಟು). ಅಂಚು ಮುಕ್ಕಾಗಿದ್ದರೆ ಮಾತ್ರ 400ರದು ಬೇಕು. ಬಳಸುತ್ತಾ ಕಲ್ಲಿನ ನಡುಭಾಗ ತಗ್ಗಾಗುತ್ತದೆ. ಆಗ ಅದನ್ನು ಸಮತಟ್ಟು ಮಾಡಿಕೊಳ್ಳದಿದ್ದರೆ ಕೋನ ನಿಲ್ಲುವುದಿಲ್ಲ. ಸೀಳಿನಲ್ಲಿ ಚಾಕು ಎಳೆಯುವ ಸಾಧನಗಳನ್ನು ನಾನಂತೂ ಮುಟ್ಟುವುದಿಲ್ಲ, ಅವು ಅಂಚನ್ನು ಒರಟೊರಟಾಗಿ ಹೆರೆಯುತ್ತವೆ.

ಮುಂದೆಂದಾದರೂ ಕೊಳ್ಳುವುದಾದರೆ ಸುಮಾರು 20 ಸೆಂ.ಮೀ. ಉದ್ದದ, ಅಂಚಿನ ಹತ್ತಿರ ತೆಳುವಾದ ಸ್ಟೇನ್‌ಲೆಸ್ ಉಕ್ಕಿನದನ್ನು ಕೈಯಲ್ಲಿ ಹಿಡಿದು ನೋಡಿ ಆರಿಸಿ. ಕಾರ್ಬನ್ ಉಕ್ಕು ಸುಲಭವಾಗಿ ಹರಿತವಾಗುತ್ತದೆ ನಿಜ, ಆದರೆ ಬಳಸಿದ ಕೂಡಲೇ ಒರೆಸಿಡುವ ತಾಳ್ಮೆ ಇಲ್ಲದವರ ಮನೆಯಲ್ಲಿ ಅದು ತುಕ್ಕು ಹಿಡಿಯುತ್ತದೆ. ಗಾಜಿನ ಹಲಗೆಯ ಮೇಲೆ ಹೆಚ್ಚುವ ಅಭ್ಯಾಸವಿದ್ದರೆ ಮೊದಲು ಬದಲಿಸಬೇಕಾದದ್ದು ಆ ಹಲಗೆಯನ್ನು.