ಬನದ ಬಳ್ಳಿ ತೆಗೆದ ಮೇಲೆ ಯಾವ ಸಸಿ ನೆಡಬೇಕು?

ನಾಗಬನದ ಸುತ್ತ ಹಬ್ಬಿದ ಮೈಕೇನಿಯ ಬಳ್ಳಿಯನ್ನು (ಹೊರದೇಶದಿಂದ ಬಂದು ಗಿಡಮರ ಮುಚ್ಚಿ ಬೆಳೆಯುವ ಕಳೆ) ಒಂದು ಭಾನುವಾರದ ಶ್ರಮದಾನದಲ್ಲಿ ತೆಗೆದು 200 ಸಸಿ ನೆಡುತ್ತೇವೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ 2019ರ ಜುಲೈ ನೆನಪಾಯಿತು. ಉಡುಪಿ ಹತ್ತಿರ ನಾವೂ ಇದನ್ನೇ ಮಾಡಿದ್ದೆವು.

ಬಲ್ಲೆ (ಪೊದೆ) ಸವರಲು ನಾನೇ ಎರಡು ಹುಲ್ಲು ಕತ್ತರಿಸುವ ಮೆಷಿನ್ ಬಾಡಿಗೆಗೆ ತಂದೆ. ಮಧ್ಯಾಹ್ನ ಗಂಜಿ ಊಟದ ಹೊತ್ತಿಗೆ ಬನದ ಅಂಚೆಲ್ಲ ಬೋಳಾಗಿತ್ತು. ಕತ್ತರಿಸಿದ್ದನ್ನು ತೋಡಿನ (ಸಣ್ಣ ಹಳ್ಳದ) ಬದಿಗೆ ರಾಶಿ ಹಾಕಿ, ಸಸಿ ನೆಟ್ಟು ಮನೆಗೆ ಹೋದೆವು.

ತಪ್ಪಾದದ್ದು ಆ ಮೆಷಿನ್ ತಂದದ್ದು. ಇದನ್ನು ಬಿಡಿಸಿ ಹೇಳಲೇಬೇಕು. ಈ ಬಳ್ಳಿಯಲ್ಲಿ ಗೇಣಿಗೊಂದು ಗಂಟು ಇರುತ್ತದೆ, ಎಲೆ ಹುಟ್ಟುವ ಜಾಗ. ಆ ಗಂಟು ಒದ್ದೆ ಮಣ್ಣಿಗೆ ತಾಗಿದರೆ ಸಾಕು, ಬೇರು ಬಿಡುತ್ತದೆ. ಮೆಷಿನ್ ಒಂದೊಂದು ಬಳ್ಳಿಯನ್ನೂ ಚೂರು ಚೂರು ಮಾಡಿ ಸುತ್ತ ಎರಚಿತು, ಅದೂ ಜುಲೈ ಮಳೆಯಲ್ಲಿ, ಹಾಗಾಗಿ ನಾವು ಕಡಿದದ್ದೆಲ್ಲ ನೆಟ್ಟ ಹಾಗಾಯಿತು. ಹಳೆಯ ಬುಡ ನೆಲದಲ್ಲೇ ಇತ್ತಲ್ವಾ, ಅದೂ ಚಿಗುರಿತು. ಆಟಿ ತಿಂಗಳ ಮಳೆಗೆ ರಾಶಿ ಒಣಗಲಿಲ್ಲ. ತೋಡು ಉಕ್ಕಿದಾಗ ಅದು ಕೊಚ್ಚಿಕೊಂಡು ಹೋಗಿ ಕೆಳಗಿನ ಅಡಿಕೆ ತೋಟ ಸೇರಿತು. ಅಲ್ಲಿ ಮೊದಲು ಈ ಬಳ್ಳಿ ಇರಲೇ ಇಲ್ಲ. ತೋಟದ ಅಜ್ಜ ನಮಗೆ ಒಂದು ಮಾತೂ ಬೈಯಲಿಲ್ಲ. ಅವರೊಬ್ಬರೇ ಬಗ್ಗಿ ಬಳ್ಳಿ ಎಳೆಯುತ್ತಿದ್ದುದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ಯಾವ ಸಸಿ ಅಂತ ನಾನು ಹೇಳುವುದಿಲ್ಲ. ಈ ವರ್ಷ ಒಂದನ್ನೂ ನೆಡಬೇಡಿ. ಸೆಪ್ಟೆಂಬರ್ ಕೊನೆಗೆ ಮಳೆ ಇಳಿಯುತ್ತದೆ, ಮಣ್ಣು ಇನ್ನೂ ಮೆತ್ತಗಿರುತ್ತದೆ. ಆಗ ಕೈಯಲ್ಲೇ ಬುಡ ಸಮೇತ ಕೀಳಿ, ಬಿಳಿ ಹೂ ಬಿಡುವ ಮೊದಲೇ. ಬೀಜವಾದರೆ ಗಾಳಿಗೆ ಹಾರುತ್ತದೆ. ಮರ ಹತ್ತಿದ್ದನ್ನು ಎಳೆದಾಡಬೇಡಿ, ಬುಡ ಕಿತ್ತರೆ ಮೇಲಿನದು ಅಲ್ಲೇ ಒಣಗುತ್ತದೆ. ಕಿತ್ತದ್ದು ಮಣ್ಣಿಗೆ ತಾಗಬಾರದು, ಟಾರ್ಪಾಲಿನ ಮೇಲೆ ಬಿಸಿಲಿಗೆ ಹಾಕಿ. ಮತ್ತೆ ತಿಂಗಳಿಗೊಮ್ಮೆ ಹೋಗಿ, ನಾಲ್ಕೇ ಜನ ಆದರೂ ಪರವಾಗಿಲ್ಲ. ಬನದೊಳಗೆ ಕಾಲಿಡುವ ಮೊದಲು ಬನ ಯಾವ ಕುಟುಂಬದ್ದೋ ಅವರ ಹಿರಿಯರನ್ನು ಕೇಳಿ.

ನಾವು ನೆಟ್ಟದ್ದರಲ್ಲಿ ಅರ್ಧ ಗುಲ್‌ಮೊಹರ್. ಅದು ಮಡಗಾಸ್ಕರ್‌ನ ಮರ, ಬನಕ್ಕೆ ಯಾಕೆ? ಆ ಸಸಿಗಳೆಲ್ಲ ಬಳ್ಳಿಯಡಿ ಸತ್ತವು. ಎರಡು ವರ್ಷ ಬಿಡದೆ ಕಿತ್ತ ಮೇಲೆ, ಬೆಳಕು ಬಿದ್ದಲ್ಲಿ ಇಲ್ಲಿಯವೇ ಆದ ಕೇಪಳ, ಕುಂಟಲ, ರೆಂಜೆ ಗಿಡಗಳು ತಾವಾಗಿ ಎದ್ದವು. ಹೊನ್ನೆಯ (ಎಣ್ಣೆ ತೆಗೆಯುವ ಸುರಹೊನ್ನೆ) ಬೀಜ ಬಾವಲಿಗಳೇ ತಂದು ಹಾಕಿದವು. ಬನದಲ್ಲಿ ಹಳೆಯ ಮರಗಳಿದ್ದರೆ ನರ್ಸರಿಗೆ ಹೋಗುವ ಅಗತ್ಯ ಜಾಸ್ತಿ ಬರುವುದಿಲ್ಲ.

ಅಜ್ಜನ ತೋಟದಲ್ಲೂ ಕಿತ್ತು ಮುಗಿಸಿದೆವು. ತೋಡಿನ ಆಚೆ ದಡದಲ್ಲಿ ಇನ್ನೂ ಇದೆ.