ಮುಟ್ಟಿನ ಹೊಟ್ಟೆನೋವು: ಮನೆಯಲ್ಲಿ ಆಗುವುದು, ಆಗದಿರುವುದು

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಮೈನೆರೆದು ಮೂರು ವರ್ಷವಾಯಿತು. ಮೊದಲ ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಮುಟ್ಟಾದ ದಿನ ಕಿಬ್ಬೊಟ್ಟೆ ಹಿಂಡಿದ ಹಾಗೆ ನೋವು, ಸೊಂಟದಿಂದ ತೊಡೆಯವರೆಗೆ ಸೆಳೆತ, ಒಮ್ಮೊಮ್ಮೆ ವಾಂತಿ. ಮರುದಿನ ಸಂಜೆಯ ಹೊತ್ತಿಗೆ ಕಡಿಮೆಯಾಗುತ್ತದೆ. ಬೆಳಗಿನ ಬಸ್ಸು ಹಿಡಿದು ಪೇಟೆಯ ಕಾಲೇಜಿಗೆ ಹೋಗಬೇಕಾದವಳು ಆ ದಿನ ಮುದುಡಿಕೊಂಡು ಮಲಗಿರುತ್ತಾಳೆ. ನೋವಿನ ಮಾತ್ರೆ ಅಭ್ಯಾಸವಾದರೆ ಮುಂದೆ ಮಕ್ಕಳಾಗುವುದಿಲ್ಲ, ಒಂದು ಹೆರಿಗೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಮನೆಯಲ್ಲಿಯೇ ಏನು ಮಾಡಬಹುದು?
– ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಮೊದಲ ವರ್ಷ ನೋವಿರಲಿಲ್ಲ ಎಂದು ನೀವು ಬರೆದದ್ದು ಒಳ್ಳೆಯದಾಯಿತು. ಮೈನೆರೆದ ಹೊಸತರಲ್ಲಿ ಅನೇಕ ಹುಡುಗಿಯರಿಗೆ ಪ್ರತಿ ತಿಂಗಳೂ ಅಂಡಾಣು ಬಿಡುಗಡೆಯಾಗುವುದಿಲ್ಲ. ಅದು ಕ್ರಮಕ್ಕೆ ಬಂದ ಮೇಲೆ ಇಂತಹ ನೋವು ಶುರುವಾಗುವುದು ಸಾಮಾನ್ಯ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡಿಸುತ್ತದೆ, ಹಾಗೆ ಹಿಂಡುವಾಗ ಸ್ನಾಯುವಿಗೆ ಹರಿಯುವ ರಕ್ತ ಕಡಿಮೆಯಾಗಿ ನೋವು ಹುಟ್ಟುತ್ತದೆ. ಅದೇ ರಾಸಾಯನಿಕ ಕರುಳನ್ನೂ ಕೆಣಕುವುದರಿಂದ ವಾಂತಿ, ಭೇದಿ, ತಲೆಸುತ್ತು ಜೊತೆಗೂಡುತ್ತವೆ. ಸಾಮಾನ್ಯವಾಗಿ ಇದು ಒಂದರಿಂದ ಮೂರು ದಿನದೊಳಗೆ ಇಳಿಯುತ್ತದೆ. ನೀವು ಬರೆದಿರುವ ಲಕ್ಷಣಗಳು ಇದಕ್ಕೆ ಹೊಂದುತ್ತವೆ. ಹುಡುಗಿ ನಟಿಸುತ್ತಿಲ್ಲ, ಅವಳ ಮೈಯಲ್ಲಿ ಬಲವೂ ಕಡಿಮೆಯಾಗಿಲ್ಲ.

ಮನೆಯ ಉಪಾಯಗಳಲ್ಲಿ ನಾನು ಮೊದಲು ಹೇಳುವುದು ಶಾಖ. ಕಿಬ್ಬೊಟ್ಟೆಗೆ ಬಿಡದೆ ಹಿತವಾದ ಬಿಸಿ ಕೊಟ್ಟರೆ ನೋವಿನ ಮಾತ್ರೆಗೆ ಸರಿಸಮನಾದ ಪರಿಹಾರ ಸಿಗುತ್ತದೆ ಎಂಬುದು ಪರೀಕ್ಷೆಗಳಲ್ಲಿಯೂ ಕಂಡುಬಂದಿದೆ. ಬಿಸಿನೀರಿನ ಚೀಲವಿದ್ದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಿಸದೆ, ಒಳಗಿನ ಗಾಳಿಯನ್ನು ಒತ್ತಿ ತೆಗೆದು, ಟವೆಲ್ ಸುತ್ತಿ ಇಡಿ. ಕೊತಕೊತ ಕುದಿಯುವ ನೀರು ಬೇಡ. ಚೀಲವಿಲ್ಲದಿದ್ದರೆ ನಮ್ಮ ಕಡೆಯ ಉಪ್ಪಿನ ಗಂಟೇ ಸಾಕು: ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಎರಡು ಪದರ ಕಟ್ಟಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಅಲ್ಲಿ ಹಿತವೆನಿಸಿದರೆ ಮಾತ್ರ ಅವಳ ಹೊಟ್ಟೆಯ ಮೇಲೆ, ಬಟ್ಟೆಯ ಮೇಲಿನಿಂದಲೇ, ಹದಿನೈದು ಇಪ್ಪತ್ತು ನಿಮಿಷ ಇಡಿ. ಆರಿದ ಮೇಲೆ ಮತ್ತೆ ಬಿಸಿ ಮಾಡಬಹುದು. ಸೊಂಟಕ್ಕೂ ಇದೇ ಕ್ರಮ. ಬಿಸಿ ಹೆಚ್ಚಾದರೆ ಗುಣ ಹೆಚ್ಚಾಗುವುದಿಲ್ಲ, ಚರ್ಮ ಸುಡುತ್ತದೆ.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬಚ್ಚಲೊಲೆಯ ಹಂಡೆಯಲ್ಲಿ ಬಿಸಿನೀರು ಸದಾ ಇರುತ್ತದೆ. ಆದರೆ ಹೊರಗಾದ ಹುಡುಗಿ ಅದನ್ನು ಮುಟ್ಟುವಂತಿಲ್ಲ, ಅಡುಗೆಮನೆಗೆ ಬಂದು ಒಂದು ಲೋಟ ಕಷಾಯ ಕಾಸಿಕೊಳ್ಳುವಂತಿಲ್ಲ, ಆಷಾಢದ ಥಂಡಿಯಲ್ಲಿ ಜಗುಲಿಯ ಮೂಲೆಯ ಚಾಪೆಯ ಮೇಲೆ ಮಲಗಬೇಕು. ಬೆಚ್ಚಗಿನ ಸ್ನಾನ, ಬೆಚ್ಚಗಿನ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ ಇವು ಈ ನೋವಿನ ಚಿಕಿತ್ಸೆಯ ಭಾಗಗಳೇ ಆಗಿರುವಾಗ, ಅವೆಲ್ಲವನ್ನೂ ಅದೇ ದಿನ ತಪ್ಪಿಸುವುದು ಎಷ್ಟು ಸರಿ? ನಿಮ್ಮ ಮನೆಯಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ ತಿಳಿಯದು. ಇದ್ದರೆ ಅತ್ತೆಯವರೊಡನೆ ಮೆಲ್ಲಗೆ ಮಾತನಾಡಿ.

ಇನ್ನು ಮಾತ್ರೆ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಮುಂತಾದವು ನೋವು ಹುಟ್ಟಿಸುವ ಆ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆದ್ದರಿಂದ ಇವನ್ನು ತೆಗೆದುಕೊಳ್ಳುವ ಹೊತ್ತು ಮುಖ್ಯ. ತಡೆಯುವಷ್ಟು ತಡೆದು, ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಸ್ರಾವ ಕಾಣಿಸಿಕೊಂಡ ಕೂಡಲೇ, ಇಲ್ಲವೇ ಸೆಳೆತದ ಮೊದಲ ಸುಳಿವಿಗೇ ತೆಗೆದುಕೊಂಡರೆ ಅನೇಕರು ಆ ದಿನ ಎದ್ದು ಓಡಾಡುತ್ತಾರೆ. ಐಬುಪ್ರೊಫೇನ್ ಆದರೆ 200ರಿಂದ 400 ಮಿಲಿಗ್ರಾಂ, ಊಟ ಅಥವಾ ತಿಂಡಿಯಾದ ಮೇಲೆ, ಆರರಿಂದ ಎಂಟು ಗಂಟೆಗೊಮ್ಮೆ, ದಿನಕ್ಕೆ 1200 ಮಿಲಿಗ್ರಾಂ ಮೀರದಂತೆ, ಎರಡು ಮೂರು ದಿನ ಮಾತ್ರ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ನಿಮ್ಮ ಮಗಳಿಗೂ ಮೊದಲ ಸಲ ವೈದ್ಯರನ್ನು ಕೇಳಿಯೇ ಕೊಡಿ. ಮೆಫೆನಾಮಿಕ್ ಆಸಿಡ್ ಕೆಲವರಲ್ಲಿ ಅಪರೂಪಕ್ಕೆ ತೀವ್ರವಾದ ಅಲರ್ಜಿ ಉಂಟುಮಾಡಬಹುದೆಂದು 2023ರ ಕೊನೆಯಲ್ಲಿ ಔಷಧಗಳ ಗುಣಮಟ್ಟ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಎಚ್ಚರಿಸಿತ್ತು. ಮಾತ್ರೆ ತೆಗೆದುಕೊಂಡ ಕೆಲವು ವಾರಗಳಲ್ಲಿ ಮೈಮೇಲೆ ದದ್ದು, ಜ್ವರ, ಗಂಟಲ ಬದಿಯ ಗಂಟುಗಳ ಊತ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ನಮ್ಮ ಶಿವಮೊಗ್ಗ ಜಿಲ್ಲೆಯವರು ನೆನಪಿಡಬೇಕಾದ ಇನ್ನೊಂದು ವಿಷಯವಿದೆ. ಮುಟ್ಟಿನ ದಿನವೇ ಜ್ವರವೂ ಬಂದರೆ ಈ ಮಾತ್ರೆಗಳನ್ನು ಮುಟ್ಟಬೇಡಿ. ಮಳೆಗಾಲದ ಡೆಂಗಿಯಲ್ಲಾಗಲಿ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಲ್ಲಾಗಲಿ ಇವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಅಂತಹ ಹೊತ್ತಿನಲ್ಲಿ ಪ್ಯಾರಾಸಿಟಮಾಲ್ ಕೊಟ್ಟು, ರಕ್ತ ಪರೀಕ್ಷೆ ಮಾಡಿಸಿ.

ಅತ್ತೆಯವರ ಭಯದ ಬಗ್ಗೆ ಹೇಳುವುದಾದರೆ, ತಿಂಗಳಿಗೆ ಎರಡು ದಿನ ಹೀಗೆ ತೆಗೆದುಕೊಂಡ ಮಾತ್ರೆ ಅಭ್ಯಾಸವಾಗಿ ಅಂಟಿಕೊಳ್ಳುವುದಿಲ್ಲ, ಅದರಿಂದ ಬಂಜೆತನವೂ ಬರುವುದಿಲ್ಲ. ಹೆರಿಗೆಯಾದ ಮೇಲೆ ಹಲವರಿಗೆ ನೋವು ಕಡಿಮೆಯಾಗುತ್ತದೆ ಎಂಬ ಅವರ ಅನುಭವ ಸುಳ್ಳಲ್ಲ. ಆದರೆ 16 ವರ್ಷದ ಹುಡುಗಿಗೆ ಅದು ಚಿಕಿತ್ಸೆಯಾಗಲಾರದು.

ಶುಂಠಿ ಕಷಾಯವನ್ನು ಧಾರಾಳವಾಗಿ ಕೊಡಿ. ಮುಟ್ಟಿನ ಮೊದಲ ಮೂರು ದಿನ ಶುಂಠಿ ಸೇವಿಸಿದವರಿಗೆ ನೋವು ಇಳಿದದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಜೀರಿಗೆ, ಓಮದ ನೀರು ಬೆಚ್ಚಗಿದ್ದು ಹೊಟ್ಟೆಗೆ ಹಿತ, ಅಷ್ಟೇ. ಗೊತ್ತಿಲ್ಲದ ಬೇರು ತೊಗಟೆ ಬೇಡ. ಉಳಿದ ದಿನಗಳಲ್ಲಿ, ವಾರಕ್ಕೆ ಮೂರು ಸಲವಾದರೂ, ಮುಕ್ಕಾಲು ಗಂಟೆಯ ಬಿರುಸು ನಡಿಗೆ ಅಥವಾ ಆಟ ರೂಢಿಯಾದರೆ ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಇಷ್ಟೆಲ್ಲ ಮಾಡಿ ಮೂರು ತಿಂಗಳಾದರೂ ಕಾಲೇಜು ತಪ್ಪುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಪ್ರಶ್ನೆ: ನನಗೆ 34 ವರ್ಷ, ಇಬ್ಬರು ಮಕ್ಕಳು. ಎರಡು ವರ್ಷದಿಂದ ಮುಟ್ಟಿನ ನೋವು ಹೆಚ್ಚುತ್ತಿದೆ. ನಾಲ್ಕು ದಿನ ಮುಂಚೆಯೇ ಶುರುವಾಗುತ್ತದೆ, ಮಲವಿಸರ್ಜನೆಗೆ ಕುಳಿತಾಗಲೂ ನೋವು. ಎರಡನೆಯ ದಿನ ಗಂಟೆಗೊಂದು ಪ್ಯಾಡ್ ಬದಲಿಸಬೇಕು. ಶಾಖ, ಕಷಾಯ ಯಾವುದೂ ತಾಗುತ್ತಿಲ್ಲ. ಗರ್ಭಕೋಶ ತೆಗೆಸಿಬಿಡು ಎಂದು ಓರಗಿತ್ತಿ ಹೇಳುತ್ತಾರೆ.
– ಓದುಗರೊಬ್ಬರು, ಸಾಗರ

ಉತ್ತರ: ನಿಮಗೆ ಮನೆಮದ್ದು ಹೇಳಿದರೆ ನಾನು ತಪ್ಪು ಮಾಡಿದಂತಾಗುತ್ತದೆ. ಮೊದಲಿಲ್ಲದ ನೋವು ಈ ವಯಸ್ಸಿನಲ್ಲಿ ಏರುತ್ತಾ ಹೋಗುವುದು, ಮುಟ್ಟಿಗೆ ದಿನಗಟ್ಟಲೆ ಮುಂಚೆ ಬರುವುದು, ಗಂಟೆಗೊಂದು ಪ್ಯಾಡ್ ತೋಯುವುದು, ಇವು ಬೇರೆ ಕಾರಣವಿರಬಹುದೆಂಬ ಸೂಚನೆಗಳು. ಗರ್ಭಕೋಶದ ಗೆಡ್ಡೆ ಇರಬಹುದು. ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಮಗುವನ್ನು ಹೆರುವ ವಯಸ್ಸಿನ ಸುಮಾರು ಹತ್ತರಲ್ಲಿ ಒಬ್ಬ ಮಹಿಳೆಗೆ ಇದಿದ್ದು, ಎಷ್ಟೋ ವರ್ಷ ಪತ್ತೆಯಾಗದೆ ಉಳಿಯುತ್ತದೆ. ಸ್ಕ್ಯಾನಿಂಗ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಲೇಬೇಕು. ಹಿಮೋಗ್ಲೋಬಿನ್ (ರಕ್ತದ ಕೆಂಪು ಅಂಶ) ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆಗೂ ಚಿಕಿತ್ಸೆ ಬೇಕು. ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ, ಅಗತ್ಯವಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬಹುದು.

ಗರ್ಭಕೋಶ ತೆಗೆಸುವ ಮಾತು ಕೊನೆಗೆ ಬರಬೇಕಾದದ್ದು. ಹಾರ್ಮೋನ್ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ಗೆಡ್ಡೆಯನ್ನು ಮಾತ್ರ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಮೊದಲ ಭೇಟಿಯಲ್ಲೇ ಯಾರಾದರೂ ತೆಗೆಸಿರಿ ಎಂದರೆ ಇನ್ನೊಬ್ಬ ತಜ್ಞರನ್ನು ಕೇಳಿದ ಮೇಲೆ ತೀರ್ಮಾನಿಸಿ. ಹೋಗುವ ಮುಂಚೆ ಕ್ಯಾಲೆಂಡರಿನಲ್ಲಿ ಕಳೆದ ಮುಟ್ಟಿನ ದಿನಾಂಕ, ನೋವು ಶುರುವಾದ ಮತ್ತು ನಿಂತ ದಿನ, ದಿನಕ್ಕೆ ಬಳಸಿದ ಪ್ಯಾಡ್‌ಗಳ ಸಂಖ್ಯೆ, ನುಂಗಿದ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಮುಂದಿನ ಮುಟ್ಟಿಗಾಗಿ ಕಾಯಬೇಡಿ, ಈ ವಾರವೇ ಹೋಗಿ.