‘ಹುಳ’ ಅಂದರೆ ಯಾವ ಹುಳ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳು ಪ್ರಾಣಿಶಾಸ್ತ್ರದ ಎರಡು ಪಾಠಗಳ ಸುತ್ತ ಇವೆ. ಒಂದು ಪ್ರಾಣಿಗಳ ಅಂಗಾಂಶ (ಒಂದೇ ಕೆಲಸಕ್ಕೆ ಕೂಡಿದ ಕೋಶಗಳ ಗುಂಪು), ಇನ್ನೊಂದು ಬೆನ್ನುಮೂಳೆ ಇಲ್ಲದ ಪ್ರಾಣಿಗಳ ವರ್ಗೀಕರಣ. ಶಾಲೆಯಲ್ಲಿ ಇವನ್ನು ಬೇರೆ ಬೇರೆ ತಿಂಗಳಲ್ಲಿ ಕಲಿಸುತ್ತಾರೆ. ಕಲಬುರಗಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಮೇಲೆ ನನಗೆ ಎರಡೂ ಒಂದೇ ಪಾಠ ಅನ್ನಿಸಿದೆ. ಕೆಳಗಿನ ಉತ್ತರಗಳಲ್ಲಿ ಅದನ್ನು ತೋರಿಸಲು ಯತ್ನಿಸಿದ್ದೇನೆ.

ರಕ್ತ ನೀರಿನಂಗ ಹರೀತದ. ಅದು ಮೂಳೆಯ ಜೋಡಿ ‘ಸಂಯೋಜಕ ಅಂಗಾಂಶ’ದಾಗ ಹೆಂಗ ಬಂತು ಸರ್? ಬಾಯಿಪಾಠ ಮಾಡೀನಿ, ತಿಳಿದಿಲ್ಲ.
*— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಸೇಡಂ*

ತಂಗಿ, ‘ತಿಳಿದಿಲ್ಲ’ ಎಂದು ಬರೆದೆಯಲ್ಲ, ಅದಕ್ಕೇ ನಿನ್ನ ಪ್ರಶ್ನೆಯನ್ನು ಮೊದಲು ತೆಗೆದುಕೊಂಡೆ.

ಅಂಗಾಂಶವನ್ನು ಗಟ್ಟಿ, ಮೆತ್ತಗೆ, ನೀರು ಎಂದು ವಿಂಗಡಿಸುವುದಿಲ್ಲ. ಕೋಶಗಳು ಹೇಗೆ ಕೂತಿವೆ, ಅವುಗಳ ನಡುವೆ ಏನಿದೆ ಎಂದು ನೋಡುತ್ತೇವೆ. ನಿನ್ನ ಕೆನ್ನೆಯ ಒಳಪದರದಲ್ಲಿ ಕೋಶಗಳು ಶಹಾಬಾದ ಫರಸಿ ಹಾಸಿದ ಹಾಗೆ ಒಂದಕ್ಕೊಂದು ಅಂಟಿ ಕೂತಿವೆ, ನಡುವೆ ಸಂದಿಯೇ ಇಲ್ಲ. ಅದು ಅನುಲೇಪಕ ಅಂಗಾಂಶ. ಸಂಯೋಜಕ ಅಂಗಾಂಶದಲ್ಲಿ ಕೋಶಗಳು ದೂರ ದೂರ ಇರುತ್ತವೆ, ನಡುವಿನ ಜಾಗವನ್ನು ಬೇರೊಂದು ವಸ್ತು ತುಂಬಿರುತ್ತದೆ. ಅದಕ್ಕೆ ಮಾತೃಕೆ ಎನ್ನುತ್ತಾರೆ. ಮೂಳೆಯಲ್ಲಿ ಮಾತೃಕೆ ಸುಣ್ಣದ ಲವಣಗಳಿಂದ ಕಲ್ಲಾಗಿದೆ. ಮೃದ್ವಸ್ಥಿಯಲ್ಲಿ ಅದು ಬಾಗುವಷ್ಟು ಮೆತ್ತಗಿದೆ. ಕಿವಿಯ ಹಾಳೆ ಮಡಚಿ ನೋಡು. ರಕ್ತದಲ್ಲಿ ಅದೇ ಮಾತೃಕೆ ದ್ರವ, ಹೆಸರು ಪ್ಲಾಸ್ಮಾ. ರಕ್ತದ ನೂರು ಪಾಲಿನಲ್ಲಿ ಸುಮಾರು 55 ಪ್ಲಾಸ್ಮಾ, ಉಳಿದದ್ದು ಅದರಲ್ಲಿ ತೇಲುವ ಕೋಶಗಳು.

ಹುಟ್ಟಿನ ಸಂಬಂಧವೂ ಇದೆ. ನಮ್ಮ ಭ್ರೂಣದಲ್ಲಿ ಮೊದಲು ಕೋಶಗಳ ಮೂರು ಪದರಗಳಿರುತ್ತವೆ. ಮೂಳೆ, ಕೊಬ್ಬು, ರಕ್ತ ಹೆಚ್ಚಾಗಿ ನಡುವಿನ ಪದರದಿಂದ ಬರುತ್ತವೆ. ದೊಡ್ಡವರಾದ ಮೇಲೂ ಕೆಂಪು ರಕ್ತಕಣ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲೇ. ಅಲ್ಲಿಂದ ಹೊರಬಿದ್ದ ಕಣ ಸುಮಾರು 120 ದಿನ ಬದುಕುತ್ತದೆ. ಒಂದೇ ಮನೆತನದ ಮಕ್ಕಳು, ಒಬ್ಬ ಕಲ್ಲು ಒಡೆಯುತ್ತಾನೆ, ಒಬ್ಬ ನೀರು ಹೊರುತ್ತಾನೆ.

ನಮ್ಮ ಊರಿನ ಹೋಟೆಲುಗಳಲ್ಲಿ ರಾತ್ರಿಯಿಡೀ ಕುದಿಸುವ ಪಾಯಾ ಗೊತ್ತಿದ್ದರೆ ಅದೂ ಇದೇ ಪಾಠ. ಕುರಿಯ ಕಾಲಿನಲ್ಲಿ ಮಾಂಸ ಕಡಿಮೆ. ಇರುವುದು ಮೂಳೆ, ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು. ಇವುಗಳ ಮಾತೃಕೆಯಲ್ಲಿ ಕೊಲಾಜನ್ ಎಂಬ ನಾರು ತುಂಬಿದೆ. ತಾಸುಗಟ್ಟಲೆ ಕುದ್ದಾಗ ಅದು ಬಿಚ್ಚಿಕೊಂಡು ಜೆಲಾಟಿನ್ ಆಗುತ್ತದೆ. ಸಾರು ಕೈಗೆ ಅಂಟುವುದು, ಆರಿದ ಮೇಲೆ ಹೆಪ್ಪುಗಟ್ಟುವುದು ಅದರಿಂದಲೇ.

ಇನ್ನೊಂದು ಮಾತು ಸೇರಿಸಲೇಬೇಕು. ‘ರಕ್ತ ಅಂದರೆ ಕೆಂಪು’ ಎಂಬುದು ನಮ್ಮ ಜಾತಿಯ ಪ್ರಾಣಿಗಳ ಲೆಕ್ಕ. ಎರೆಹುಳದ ರಕ್ತ ಕೆಂಪೇ, ಆದರೆ ಬಣ್ಣ ಕೊಡುವ ಹಿಮೋಗ್ಲೋಬಿನ್ ಕಣಗಳ ಒಳಗಿಲ್ಲ, ಪ್ಲಾಸ್ಮಾದಲ್ಲೇ ಕರಗಿದೆ. ಭೀಮಾ ದಂಡೆಯ ಏಡಿಯ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರದ ವಸ್ತುವಿದೆ. ಗಾಳಿ ಸೋಕಿದರೆ ನಸುನೀಲಿ. ಜಿರಳೆಯ ರಕ್ತಕ್ಕೆ ಬಣ್ಣವೇ ಇಲ್ಲ. ಯಾಕೆಂದರೆ ಅದರ ಮೈತುಂಬ ಗಾಳಿ ಕೊಳವೆಗಳಿದ್ದು ಆಮ್ಲಜನಕ ನೇರ ಕೋಶಗಳಿಗೇ ಮುಟ್ಟುತ್ತದೆ. ಆ ಕೆಲಸಕ್ಕೆ ರಕ್ತ ಬೇಕಾಗಿಲ್ಲ.

ನಮ್ಮ ತೊಗರಿ ಹೂ ಹಿಡೀಲಾರದೆ ಪೊದಿ ಆಗಿ ನಿಂತಾವ. ಕೃಷಿ ಕೇಂದ್ರದವರು ಗೊಡ್ಡು ರೋಗ, ನುಸಿಯಿಂದ ಬರ್ತದ ಅಂದ್ರು. ಕೀಡಿಗೆ ಹೊಡೆಯೋ ಎಣ್ಣಿನೇ ಎರಡು ಸಲ ಹೊಡದೀನಿ, ಏನೂ ಆಗಿಲ್ಲ. ನುಸಿನೂ ಕೀಟನೇ ಅಲ್ಲೇನ್ರಿ?
*— ತೊಗರಿ ಬೆಳೆಗಾರ, ಜೇವರ್ಗಿ ತಾಲ್ಲೂಕು*

ಅಲ್ಲ ಅಣ್ಣಾವ್ರೆ, ಕೀಟ ಅಲ್ಲ. ಇಲ್ಲಿ ವರ್ಗೀಕರಣ ಬರೀ ಪರೀಕ್ಷೆಯ ಮಾತಾಗಿ ಉಳಿದಿಲ್ಲ, ನಿಮ್ಮ ಎರಡು ಸಿಂಪರಣೆಯ ದುಡ್ಡಿನ ಮಾತಾಗಿದೆ.

ಕೀಟ, ಜೇಡ, ಚೇಳು, ನುಸಿ, ಏಡಿ, ಸಹಸ್ರಪದಿ ಎಲ್ಲ ಸಂಧಿಪದಿಗಳ ದೊಡ್ಡ ವಂಶಕ್ಕೆ ಸೇರಿದವು. ಕೀಲುಳ್ಳ ಕಾಲು, ಮೈಮೇಲೆ ಗಟ್ಟಿ ಕವಚ, ಬೆಳೆಯಬೇಕಾದರೆ ಪೊರೆ ಬಿಡಬೇಕು. ಆದರೆ ಆ ವಂಶದೊಳಗೆ ಮನೆತನಗಳು ಬೇರೆ. ಕೀಟಕ್ಕೆ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ, ತಲೆಯ ಮೇಲೆ ಮೀಸೆ, ಆರು ಕಾಲು. ನುಸಿ ಜೇಡದ ಮನೆತನ: ಮೀಸೆ ಇಲ್ಲ, ರೆಕ್ಕೆ ಇಲ್ಲ. ನರಗಳ ಮೇಲೆ ಕೆಲಸ ಮಾಡುವ ಎಷ್ಟೋ ಕೀಟನಾಶಕಗಳು ಕೀಟದ ದೇಹಕ್ಕೆ ಹೊಂದಿಸಿ ಮಾಡಿದವು, ನುಸಿಯ ಮೇಲೆ ಅವು ನಡೆಯುವುದಿಲ್ಲ. ನುಸಿನಾಶಕ ಎಂದು ಬೇರೆಯೇ ಔಷಧಿ ಇರುವುದು ಅದಕ್ಕೇ.

ಕಾಲು ಎಣಿಸಿ ಗುರುತಿಸಬಹುದಲ್ಲ ಎಂದರೆ ನಿಮ್ಮ ತೊಗರಿ ಹೊಲವೇ ನಮ್ಮನ್ನು ಏಮಾರಿಸುತ್ತದೆ. ಜೇಡಕ್ಕೆ ಎಂಟು ಕಾಲು, ನಿಜ. ಗೊಡ್ಡು ರೋಗದ ನುಸಿಗೆ ನಾಲ್ಕೇ ಕಾಲು! ಅದರ ಮೈಯೂ ಕ್ಯಾರೆಟ್ ತುಂಡಿನಂತೆ ಉದ್ದ, ಸುಮಾರು 0.2 ಮಿಲಿಮೀಟರ್, ಎಲೆಯ ತಳಭಾಗದಲ್ಲಿ ಇರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಇನ್ನು ಕಾಯಿ ಕೊರೆಯುವ ಹಸಿರು ಕೀಡಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಎಣಿಸಿದರೆ ಹದಿನಾರು ಕಾಲು ಸಿಗುತ್ತವೆ. ಆದರೆ ಅದು ಅಪ್ಪಟ ಕೀಟ. ಎದೆಗೆ ಹೊಂದಿದ ಮೂರು ಜೊತೆ ಮಾತ್ರ ನಿಜವಾದ ಕೀಲಿನ ಕಾಲು. ಹಿಂದಿನ ಐದು ಜೊತೆ ಮಾಂಸದ ಗುಬಟುಗಳು, ಪತಂಗವಾದಾಗ ಕಾಣದಂತಾಗುತ್ತವೆ. ನಾಲ್ಕು ಕಾಲಿನದು ಜೇಡದ ಬಳಗ, ಹದಿನಾರರದು ಕೀಟ. ಹೊರಗಿನ ಲೆಕ್ಕ ಹೀಗೆ ಕೈಕೊಡುತ್ತದೆ. ದೇಹ ಯಾವ ಭಾಗಗಳಿಂದ ಕಟ್ಟಿದೆ ಎಂಬುದನ್ನೇ ನೋಡಬೇಕು.

ರೋಗದ ಬಗ್ಗೆ ಹೇಳುವುದಾದರೆ, 1931ರಲ್ಲಿ ಬಿಹಾರದ ಪೂಸಾದಿಂದ ಇದು ಮೊದಲು ವರದಿಯಾಯಿತು. ನುಸಿ ಹೊತ್ತು ತರುವ ವೈರಸ್ಸನ್ನು ಗುರುತಿಸಲು ವಿಜ್ಞಾನಿಗಳಿಗೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ನುಸಿ ಗಾಳಿಯಲ್ಲಿ ಹಾರಿ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಪೊದೆಯಾಗಿ ನಿಂತ ಗಿಡ ಇನ್ನು ಕಾಯಿ ಕೊಡುವುದಿಲ್ಲ. ಅದರ ಆಸೆ ಬಿಡಿ. ಮುಂದಿನ ಸಲ ಎಳೆಯದರಲ್ಲೇ ತಿಳಿಹಸಿರು ಮಚ್ಚೆಯ ಸಣ್ಣ ಎಲೆ ಕಂಡ ಗಿಡವನ್ನು ಕಿತ್ತು ಹಾಕಿ. ರಾಶಿ ಆದ ಮೇಲೆ ಬದುವಿನಲ್ಲಿ ಕೂಳೆ ತೊಗರಿ ಚಿಗುರಲು ಬಿಡಬೇಡಿ, ಬೇಸಿಗೆಯಲ್ಲಿ ನುಸಿಗೆ ಅದೇ ಆಸರೆ. ಬೀಜ ಕೊಳ್ಳುವಾಗ ಈ ರೋಗ ತಡೆಯುವ ತಳಿ ಕೇಳಿ, ಬಿ.ಎಸ್.ಎಂ.ಆರ್-736 ಅಂಥದೊಂದು. ಔಷಧಿ ಯಾವುದು, ಎಷ್ಟು ಎಂಬುದನ್ನು ಅಂಗಡಿಯವರನ್ನು ಬಿಟ್ಟು ಕೃಷಿ ಕೇಂದ್ರದವರನ್ನೇ ಕೇಳಿ.

ರಾತ್ರಿ ಹೊತ್ತು ಆರೋಗ್ಯ ಇಲಾಖೆಯವರು ಮನೆಗೆ ಬಂದು ಆನೆಕಾಲು ರೋಗಕ್ಕೆ ರಕ್ತ ತೆಗೆದುಕೊಂಡು ಹೋದರು. ಹಗಲು ಯಾಕೆ ಬರಲಿಲ್ಲ? ಇದು ಮಕ್ಕಳ ಹೊಟ್ಟೆಯ ಜಂತುಹುಳವೇನು?
*— ಗೃಹಿಣಿ, ಶಹಾಪುರ*

ಅಕ್ಕಾವ್ರೆ, ಆನೆಕಾಲು ರೋಗ ತರುವುದು ಒಂದು ಹುಳ. ಹಗಲು ಬಂದಿದ್ದರೆ ರಕ್ತದಲ್ಲಿ ಅದರ ಮರಿ ಸಿಗುತ್ತಲೇ ಇರಲಿಲ್ಲ. ದೊಡ್ಡ ಹುಳಗಳು ದುಗ್ಧನಾಳಗಳಲ್ಲಿ (ಅಂಗಾಂಶಗಳ ನಡುವಿನ ದ್ರವವನ್ನು ರಕ್ತಕ್ಕೆ ಮರಳಿಸುವ ಕೊಳವೆಗಳು) ದಾರದಂತೆ ಸುತ್ತಿಕೊಂಡು ವರ್ಷಗಟ್ಟಲೆ ಇರುತ್ತವೆ. ಅವುಗಳ ಕಣ್ಣಿಗೆ ಕಾಣದ ಮರಿಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿ ಹತ್ತರಿಂದ ಎರಡರ ಸುಮಾರಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅವನ್ನು ಒಬ್ಬರಿಂದ ಒಬ್ಬರಿಗೆ ಹರಡುವ, ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ವೇಳೆಯೂ ಅದೇ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗದ ಜಿಲ್ಲೆಗಳ ಪಟ್ಟಿಯಲ್ಲಿ ಬಂದವು. ಕಾಲು ಊದಿಕೊಂಡ ಮೇಲೆ ಗುಳಿಗೆಯಿಂದ ಅದು ಇಳಿಯುವುದಿಲ್ಲ, ಯಾಕೆಂದರೆ ಹಾಳಾಗಿರುವುದು ಅಂಗಾಂಶವೇ. ದುಗ್ಧನಾಳ ಕಟ್ಟಿ ದ್ರವ ನಿಂತು, ಚರ್ಮದ ಕೆಳಗಿನ ಸಂಯೋಜಕ ಅಂಗಾಂಶ ಗಡುಸಾಗಿಬಿಟ್ಟಿರುತ್ತದೆ. ಆದ್ದರಿಂದ ಸಾಮೂಹಿಕವಾಗಿ ಗುಳಿಗೆ ಕೊಡಲು ಬಂದಾಗ ‘ನನಗೇನೂ ಆಗಿಲ್ಲ’ ಎಂದು ಎತ್ತಿಡಬೇಡಿ, ಊಟ ಮಾಡಿ ಅವರ ಎದುರೇ ನುಂಗಿ. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಕೂಸುಗಳಿಗೆ, ತೀವ್ರ ಕಾಯಿಲೆ ಇರುವವರಿಗೆ ಮಾತ್ರ ಬೇಡ.

ಜಂತುಹುಳ ಮತ್ತು ಇದು ಒಂದೇ ಅಲ್ಲ, ಆದರೆ ದಾಯಾದಿಗಳು. ಎರಡೂ ದುಂಡುಹುಳಗಳ ವಂಶ. ಹಳಬರಿಗೆ ನೆನಪಿರುವ ನಾರುಹುಣ್ಣಿನ ಹುಳವೂ ಅದೇ ವಂಶದ್ದು. ಮೆಟ್ಟಿಲುಬಾವಿಯ ನೀರಿನ ಸಣ್ಣ ಸೈಕ್ಲೋಪ್ಸ್ (ಅದು ಏಡಿಯ ಬಳಗ) ಹೊಟ್ಟೆಯಲ್ಲಿ ಮರಿ, ನೀರು ಕುಡಿದವರ ಮೈಯಲ್ಲಿ ಒಂದು ವರ್ಷ ಬೆಳೆದು ಮೀಟರ್ ಉದ್ದದ ಹೆಣ್ಣುಹುಳ ಕಾಲಿನಿಂದ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಳೆಯುತ್ತಿದ್ದರು. ಅದಕ್ಕೆ ಲಸಿಕೆ ಬರಲಿಲ್ಲ, ಔಷಧಿಯೂ ಬರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಮೆಟ್ಟಿಲುಬಾವಿಗಳನ್ನು ಬಿಟ್ಟು ಕೊಳವೆಬಾವಿಗೆ ಬಂದೇ ಅದನ್ನು ಓಡಿಸಿದೆವು. ದೇಶದ ಕೊನೆಯ ಪ್ರಕರಣ 1996ರದ್ದು, 2000ದಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ಘೋಷಣೆಯಾಯಿತು. ನಮ್ಮ ತಾಯಂದಿರು ಕೊಡದ ಬಾಯಿಗೆ ಸೀರೆಯ ತುಂಡು ಕಟ್ಟಿ ಗೆದ್ದ ಯುದ್ಧ ಅದು.

ಬೆನ್ನುಮೂಳೆ ಇಲ್ಲದ ಪ್ರಾಣಿಗಳ ಎಂಟು ವಂಶ ಬಾಯಿಪಾಠ ಮಾಡಲು ಸುಲಭ ದಾರಿ ಹೇಳಿ.
*— ಪಿಯು ವಿದ್ಯಾರ್ಥಿ, ಬಸವಕಲ್ಯಾಣ*

ತಮ್ಮಾ, ಬಾಯಿಪಾಠದ ದಾರಿ ನನ್ನ ಹತ್ತಿರ ಇಲ್ಲ. ಇನ್ನೊಂದು ದಾರಿ ಇದೆ, ಅದು ಮರೆಯುವುದಿಲ್ಲ.

ನಮ್ಮ ಮಾತಿನಲ್ಲಿ ಎರೆಹುಳ, ಜಂತುಹುಳ, ಲಾಡಿಹುಳ, ಬಸವನಹುಳ, ರೇಷ್ಮೆಹುಳ ಎಲ್ಲವೂ ‘ಹುಳ’. ಇದಕ್ಕೆ ನಾಚಬೇಕಾಗಿಲ್ಲ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೂಡ ಬೆನ್ನುಮೂಳೆ ಇಲ್ಲದ ಪ್ರಾಣಿಗಳನ್ನೆಲ್ಲ ಎರಡೇ ಬುಟ್ಟಿಗೆ ಹಾಕಿದ್ದ: ಕೀಟ ಮತ್ತು ಹುಳ. ಬಸವನಹುಳ, ನಕ್ಷತ್ರಮೀನು, ಅಂಬಲಿಮೀನು (ಜೆಲ್ಲಿಫಿಶ್) ಎಲ್ಲ ಆ ಹುಳದ ಬುಟ್ಟಿಯಲ್ಲಿದ್ದವು. ಆ ಬುಟ್ಟಿಯನ್ನು ಬಿಚ್ಚಿ ಹರವಲು ಕೂತವರಲ್ಲಿ ಮುಖ್ಯನಾದವನು ಫ್ರಾನ್ಸಿನ ವಿಜ್ಞಾನಿ ಲಾಮಾರ್ಕ್. 1801ರ ಅವನ ಗ್ರಂಥ ಪೂರ್ತಿ ಇವುಗಳ ಬಗ್ಗೆಯೇ.

ನೀನೂ ಬಿಚ್ಚು. ಮೊದಲ ಪ್ರಶ್ನೆ: ಅಂಗಾಂಶ ಇದೆಯೇ? ನೀರಿನ ತಳದಲ್ಲಿ ಅಂಟಿಕೊಂಡಿರುವ ಸ್ಪಂಜು ಎಂಬ ಪ್ರಾಣಿಗೆ ಇಲ್ಲ. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ವಿಜ್ಞಾನಿ ಜೀವಂತ ಸ್ಪಂಜನ್ನು ಸಣ್ಣ ಜರಡಿ ಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬಿಡಿಬಿಡಿ ಮಾಡಿದ. ಅವು ನೀರಿನ ತಳದಲ್ಲಿ ತೆವಳಿ, ಒಂದಕ್ಕೊಂದು ಕೂಡಿ, ಮತ್ತೆ ಸ್ಪಂಜಾದವು. ನಾನು ಈ ಪ್ರಯೋಗವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಎರಡನೆಯದು: ಭ್ರೂಣದಲ್ಲಿ ಪದರ ಎಷ್ಟು? ಹೈಡ್ರಾ, ಅಂಬಲಿಮೀನುಗಳದು ಎರಡು. ಉಳಿದ ಎಲ್ಲದಕ್ಕೂ ಮೂರು. ಸೇಡಂನ ತಂಗಿಗೆ ಹೇಳಿದೆನಲ್ಲ ನಡುವಿನ ಪದರ, ಅದು ಬಂದದ್ದೇ ದೊಡ್ಡ ತಿರುವು. ಗಟ್ಟಿ ಸ್ನಾಯು, ರಕ್ತ ಎಲ್ಲ ಅಲ್ಲಿಂದ. ಮೂರನೆಯದು: ಕರುಳಿಗೂ ಮೈಗೋಡೆಗೂ ನಡುವೆ ಖಾಲಿ ಜಾಗ ಇದೆಯೇ? ಚಪ್ಪಟೆಹುಳಕ್ಕೆ ಇಲ್ಲ (ಲಾಡಿಹುಳಕ್ಕಂತೂ ಕರುಳೇ ಇಲ್ಲ, ನಮ್ಮ ಕರುಳಿನಲ್ಲಿ ಕೂತು ಮೈಯಿಂದಲೇ ಹೀರುತ್ತದೆ). ದುಂಡುಹುಳಕ್ಕೆ ಅರೆಬರೆ ಇದೆ. ಎರೆಹುಳಕ್ಕೆ ನಡುಪದರದ ಅಸ್ತರಿ ಇರುವ ನಿಜವಾದ ದೇಹಾವಕಾಶ ಇದೆ, ಜೊತೆಗೆ ಉಂಗುರದಂಥ ಖಂಡಗಳು. ಆಮೇಲೆ ಕೀಲುಕಾಲಿನ ಸಂಧಿಪದಿ, ಮೆತ್ತನೆ ಮೈಯ ಮೃದ್ವಂಗಿ (ಬಸವನಹುಳ), ಮುಳ್ಳುಚರ್ಮದ ಕಂಟಕಚರ್ಮಿ (ನಕ್ಷತ್ರಮೀನು). ಎಂಟೂ ಬಂದವು.

ಒಂದು ಎಚ್ಚರಿಕೆ. ‘ಬೆನ್ನುಮೂಳೆ ಇಲ್ಲದವು’ ಎಂಬುದು ಅನುಕೂಲಕ್ಕೆ ಇಟ್ಟ ಹೆಸರು, ಅದು ಒಂದು ಮನೆತನ ಅಲ್ಲ. ಕಲಬುರಗಿ ಬಸ್ ನಿಲ್ದಾಣದಲ್ಲಿ ನಿಂತು ‘ಕಲಬುರಗಿಯವರಲ್ಲದವರು’ ಎಂದು ಗುಂಪು ಮಾಡಿದರೆ ಅದರಲ್ಲಿ ಬೀದರಿನವರೂ ಬರುತ್ತಾರೆ, ಬಂಗಾಳದವರೂ ಬರುತ್ತಾರೆ. ನಕ್ಷತ್ರಮೀನು ಬಸವನಹುಳಕ್ಕಿಂತ ನಮಗೇ ಹತ್ತಿರದ ನೆಂಟ. ಅದರ ಭ್ರೂಣದಲ್ಲೂ ನಮ್ಮದರಲ್ಲೂ ಮೊದಲು ತೆರೆಯುವ ರಂಧ್ರ ಗುದದ್ವಾರದ ಕಡೆಯದು, ಬಾಯಿ ಆಮೇಲೆ.

ನಮ್ಮಲ್ಲಿ ಸಮುದ್ರ ಇಲ್ಲ. ಶಾಲೆಯ ಮಕ್ಕಳಿಗೆ ಹೈಡ್ರಾ, ಸ್ಪಂಜು ಜೀವಂತ ತೋರಿಸುವುದು ಹೇಗೆ?
*— ವಿಜ್ಞಾನ ಶಿಕ್ಷಕಿ, ಬೀದರ್*

ಮೇಡಂ, ಎರಡಕ್ಕೂ ಸಿಹಿನೀರಿನ ಬಳಗವಿದೆ. ಚರಂಡಿ ಸೇರದ ಕೆರೆ ಅಥವಾ ಹಳೆಯ ಬಾವಿಯಿಂದ ಜಲಸಸ್ಯವನ್ನು ಅದೇ ನೀರಿನ ಸಮೇತ ಗಾಜಿನ ಜಾಡಿಯಲ್ಲಿ ತನ್ನಿ. ನಲ್ಲಿ ನೀರು ಬೆರೆಸಬೇಡಿ. ಬಿಸಿಲು ನೇರ ಬೀಳದ ಕಿಟಕಿಯಲ್ಲಿ ಎರಡು ದಿನ ಅಲುಗಿಸದೆ ಇಟ್ಟರೆ, ಹೈಡ್ರಾ ಇದ್ದಲ್ಲಿ ಗಾಜಿಗೆ ಅಂಟಿ ಕೆಲವು ಮಿಲಿಮೀಟರಿನ ದಾರದ ತುಣುಕಿನಂತೆ ಕಾಣುತ್ತದೆ. ತುದಿಯಲ್ಲಿ ಕರಬಳ್ಳಿಗಳು ಹರಡಿರುತ್ತವೆ. ಮುಟ್ಟಿದರೆ ಚುಕ್ಕಿಯಾಗಿ ಮುದುಡುತ್ತದೆ. ಎರಡೇ ಪದರದ ಪ್ರಾಣಿಗೂ ನರಕೋಶಗಳ ಬಲೆ ಇದೆ ಎಂಬುದಕ್ಕೆ ಮಕ್ಕಳಿಗೆ ಬೇರೆ ಸಾಕ್ಷಿ ಬೇಡ.

ಸ್ಪಂಜಿಗೆ ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ್ದ ಕಟ್ಟಿಗೆ, ಕಲ್ಲುಗಳ ಮೇಲೆ ಒರಟು ಹೊಪ್ಪಳೆ ಹುಡುಕಿ. ಬರಿಗೈಲಿ ಉಜ್ಜಿದರೆ ಒಳಗಿನ ಸಿಲಿಕಾ ಸೂಜಿಗಳಿಂದ ತುರಿಕೆ ಆಗುತ್ತದೆ, ಆದ್ದರಿಂದ ಮಕ್ಕಳ ಕೈಗೆ ಕೊಡುವ ಮೊದಲು ಕೈಗವಸು ಹಾಕಿಸಿ. ಆ ಹೊಪ್ಪಳೆಯಲ್ಲಿ ಸಾಸಿವೆಗಿಂತ ಸಣ್ಣ ಕಾಳುಗಳಿದ್ದರೆ ಅವು ಒಳಮೊಗ್ಗುಗಳು (ಜೆಮ್ಯೂಲ್), ಬರಗಾಲ ಕಳೆಯಲು ಸ್ಪಂಜು ಕಟ್ಟಿಟ್ಟ ಬುತ್ತಿ. ಕೆರೆಯ ನೀರಿನಲ್ಲೇ ನೆನೆಹಾಕಿ ನೋಡಿ. ನೋಡಿ ಮುಗಿದ ಮೇಲೆ ಎಲ್ಲವನ್ನೂ ತಂದ ಕೆರೆಗೇ ಬಿಡಿಸಿ, ಬಿಡುವ ಕೆಲಸ ಮಕ್ಕಳ ಕೈಯಿಂದಲೇ ಆಗಲಿ.